ಮೊಣಕಾಲು ನೋವಿರುವ ಅವ್ವನೊಡನೆ ಹೈದರಾಬಾದಿನಲ್ಲಿ ಬಸ್ಸು, ಮೆಟ್ರೊಗಳಲ್ಲಿ ಓಡಾಡುವುದು ಹೇಗೆ?

ಪ್ರಶ್ನೆ: ರಾಯಚೂರಿನಿಂದ

ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರ ನಮ್ಮ ಅವ್ವನನ್ನು ಹೈದರಾಬಾದಿನ ಪಂಜಗುಟ್ಟದಲ್ಲಿರುವ ನಿಮ್ಸ್ ಆಸ್ಪತ್ರೆಗೆ ಮೊಣಕಾಲಿನ ತಪಾಸಣೆಗೆಂದು ಕರೆದುಕೊಂಡು ಹೋಗಬೇಕಾಗಿದೆ. ಅವ್ವನಿಗೆ 67 ವರ್ಷ. ಸಮತಟ್ಟಾದ ನೆಲವಾದರೆ ಕೋಲೂರಿಕೊಂಡು ಹತ್ತು ನಿಮಿಷ ನಡೆಯುತ್ತಾಳೆ, ಆದರೆ ಮೆಟ್ಟಿಲು ಕಂಡ ಕೂಡಲೇ ಅವಳ ಮುಖ ಬಾಡಿಬಿಡುತ್ತದೆ. ಪರೀಕ್ಷೆಗಳು ಒಂದೇ ದಿನಕ್ಕೆ ಮುಗಿಯುವಂಥವಲ್ಲವಾದ್ದರಿಂದ ನಾಲ್ಕು ದಿನ ಅಲ್ಲಿಯೇ ಉಳಿಯುವುದೆಂದು ನಿಶ್ಚಯಿಸಿದ್ದೇವೆ. ನಮ್ಮಿಬ್ಬರನ್ನು ಬಿಟ್ಟರೆ ಜೊತೆಗೆ ಬರುವವರು ಯಾರೂ ಇಲ್ಲ.

ಕಳೆದ ವರ್ಷ ಹೋದಾಗ ಎಲ್ಲ ಕಡೆಗೂ ಆಟೊದಲ್ಲಿಯೇ ಓಡಾಡಿದೆವು. ಹತ್ತುವಾಗ ಒಪ್ಪಿದ ಬಾಡಿಗೆ ಒಂದು, ಇಳಿಯುವಾಗ ಕೇಳಿದ ಬಾಡಿಗೆ ಇನ್ನೊಂದು. ರಸ್ತೆಯ ಬದಿಯಲ್ಲಿ ನಿಂತು ಚೌಕಾಸಿ ಮಾಡುತ್ತಿದ್ದ ನನ್ನನ್ನು ಅವ್ವ ಸೆರಗು ಹಿಡಿದು ಎಳೆದು, "ಕೊಟ್ಟು ಕಳಿಸವ್ವಾ, ನನಗ ನಿಲ್ಲಾಕ ಆಗವಲ್ದು" ಎಂದಳು. ಆ ಮಾತು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಸಲ ಔಷಧಿಗಿಂತ ಆಟೊಗಳಿಗೇ ಹೆಚ್ಚು ಖರ್ಚಾಯಿತು. ಆದ್ದರಿಂದ ಈ ಬಾರಿ ಸಾಧ್ಯವಾದಷ್ಟೂ ಸಿಟಿ ಬಸ್ಸು ಮತ್ತು ಮೆಟ್ರೊಗಳನ್ನೇ ನಂಬಿ ಹೋಗಬೇಕೆಂದಿದ್ದೇನೆ.

ರಾಯಚೂರಿನ ಬಸ್ಸಿನಿಂದ ಎಲ್ಲಿ ಇಳಿಯಬೇಕು, ಕೋಣೆಯನ್ನು ಯಾವ ಭಾಗದಲ್ಲಿ ಹಿಡಿಯಬೇಕು, ಅವ್ವನಂಥವರಿಗೆ ಬಸ್ಸು ಅನುಕೂಲವೋ ಮೆಟ್ರೊ ಅನುಕೂಲವೋ ಎಂಬುದನ್ನು ಹೋಗಿ ಬಂದವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ನಮ್ಮಲ್ಲಿಯ ಶಕ್ತಿ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂಬುದೂ ನನಗೆ ಗೊತ್ತಾಗಬೇಕು. ಒಂದು ಮಧ್ಯಾಹ್ನ ಬಿಡುವು ಸಿಕ್ಕರೆ ಅವ್ವನಿಗೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ತೋರಿಸಬೇಕೆಂಬ ಆಸೆಯೂ ಇದೆ.

ಉತ್ತರ: ಗಂಗಾವತಿಯಿಂದ

ಅಕ್ಕ, ನಾನು ಹೈದರಾಬಾದಿನಲ್ಲಿ ಐದು ವರ್ಷ ಕೆಲಸ ಮಾಡಿದವನು. ರಾಯಚೂರಿನ ಬಸ್ಸುಗಳು ಮಹಬೂಬ್‌ನಗರ, ಜಡಚರ್ಲಾ, ಶಾದ್‌ನಗರ, ಶಂಶಾಬಾದ್ ದಾಟಿ ಆರಾಂಘರ್ ಚೌಕದ ಮೂಲಕ ನಗರದೊಳಕ್ಕೆ ಹೋಗುತ್ತವೆ. ನಾನಂತೂ ಯಾವಾಗಲೂ ಆರಾಂಘರಿನಲ್ಲಿಯೇ ಇಳಿದುಬಿಡುತ್ತಿದ್ದೆ. ಅಲ್ಲಿಂದ ಮೆಹದೀಪಟ್ಣಂ ಕಡೆಗೆ ಸಿಟಿ ಬಸ್ಸುಗಳು ಸಿಗುತ್ತವೆ, ಮೆಹದೀಪಟ್ಣಂನಿಂದ ಪಂಜಗುಟ್ಟಕ್ಕೆ ಬೇರೆ ಬಸ್ಸು ಹಿಡಿಯಬಹುದು. ಹಳೆಯ ನಗರದ ವಾಹನಗಳ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳದೆ ಸಾಕಷ್ಟು ಸಮಯ ಉಳಿಯುತ್ತದೆ. ನಗರದೊಳಗೆ ಎಲ್ಲ ಕಡೆಗೂ ಬಸ್ಸಿದೆ, ಹೆದರಬೇಡಿ.

ಉತ್ತರ: ರಾಯಚೂರಿನ ನಿವೃತ್ತ ಶಿಕ್ಷಕರಿಂದ

ತಂಗೀ, ಗಂಗಾವತಿಯವರು ಹೇಳಿದ ದಾರಿ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಡುವ ತರುಣರಿಗೆ ಸರಿಯಾದದ್ದು. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೋಲೂರಿ ನಡೆಯುವ ನಿಮ್ಮ ತಾಯಿಯವರನ್ನು ಹೆದ್ದಾರಿಯ ಚೌಕದಲ್ಲಿ ಇಳಿಸಿ, ಅಲ್ಲಿಂದ ಎರಡು ಬಸ್ಸು ಹತ್ತಿಸಿ ಇಳಿಸುವುದು ಬೇಡ. ಸಮಯ ಸ್ವಲ್ಪ ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಕುಳಿತುಕೊಂಡು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿಯೇ ಇಳಿಯಿರಿ. ಮೂಸಿ ನದಿಯ ನಡುಗಡ್ಡೆಯ ಮೇಲಿರುವ ಆ ನಿಲ್ದಾಣವನ್ನು ಊರಿನ ಜನ ಎಂಜಿಬಿಎಸ್ ಎಂದೋ ಇಮ್ಲಿಬನ್ ಎಂದೋ ಕರೆಯುತ್ತಾರೆ. ನಮ್ಮ ಕಾಲದಲ್ಲಿ ಗೌಳಿಗುಡದ ಹಳೆಯ ನಿಲ್ದಾಣದಲ್ಲಿ ಇಳಿದು, ಹೆಗಲ ಮೇಲೆ ಹಾಸಿಗೆಯ ಸುರುಳಿ ಹೊತ್ತು ಕೋಠಿಯವರೆಗೂ ನಡೆದೇ ಹೋಗುತ್ತಿದ್ದೆವು. ಈಗ ಇಮ್ಲಿಬನ್ನಿನ ಪಕ್ಕದಲ್ಲಿಯೇ ಮೆಟ್ರೊ ನಿಲ್ದಾಣ ಬಂದು ನಿಂತಿದೆ.

ಆ ಊರಿನ ಮೆಟ್ರೊದಲ್ಲಿ ಮೂರು ಮಾರ್ಗಗಳಿದ್ದು, ಒಟ್ಟು ಉದ್ದ ಸುಮಾರು 69 ಕಿಲೋಮೀಟರ್. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವುದು ಕೆಂಪು ಮಾರ್ಗ, ನಾಗೋಲಿನಿಂದ ರಾಯದುರ್ಗಕ್ಕೆ ಹೋಗುವುದು ನೀಲಿ ಮಾರ್ಗ, ಸಿಕಂದರಾಬಾದಿನ ಜೂಬಿಲಿ ಬಸ್ ನಿಲ್ದಾಣವಾದ ಜೆಬಿಎಸ್‌ನಿಂದ ಎಂಜಿಬಿಎಸ್‌ಗೆ ಬರುವುದು ಹಸಿರು ಮಾರ್ಗ. ಇವುಗಳ ಪೈಕಿ ನಿಮಗೆ ಬೇಕಾದದ್ದು ಕೆಂಪು ಮಾರ್ಗವೊಂದೇ, ಉಳಿದೆರಡನ್ನು ಮರೆತುಬಿಡಿ. ಎಂಜಿಬಿಎಸ್‌ನಲ್ಲಿ ಮಿಯಾಪುರದ ಕಡೆಗೆ ಹೋಗುವ ಗಾಡಿಯನ್ನು ಹತ್ತಿದರೆ ಉಸ್ಮಾನಿಯಾ ಮೆಡಿಕಲ್ ಕಾಲೇಜು, ಗಾಂಧಿ ಭವನ, ನಾಂಪಲ್ಲಿ, ಅಸೆಂಬ್ಲಿ, ಲಕಡಿಕಾಪುಲ್, ಖೈರತಾಬಾದ್, ಇರ್ರಮ್ ಮಂಜಿಲ್, ಪಂಜಗುಟ್ಟ ಎಂದು ನಿಲ್ದಾಣಗಳು ಇದೇ ಕ್ರಮದಲ್ಲಿ ಬರುತ್ತವೆ. ನಿಮ್ಸ್ ಆಸ್ಪತ್ರೆ ಈ ಕೊನೆಯ ಎರಡು ನಿಲ್ದಾಣಗಳ ನಡುವೆ ಇದೆ. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ತಲುಪುತ್ತೀರಿ, ನಡುವೆ ಎಲ್ಲಿಯೂ ಗಾಡಿ ಬದಲಿಸುವ ಕೆಲಸವಿಲ್ಲ.

ಕೋಣೆಯ ವಿಷಯಕ್ಕೆ ಬಂದರೆ, ಲಕಡಿಕಾಪುಲ್ ಸುತ್ತಮುತ್ತ ಹಿಡಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿ ಮಧ್ಯಮ ದರದ ವಸತಿಗೃಹಗಳೂ ಇಡ್ಲಿ, ಅನ್ನ, ಸಾರು ಸಿಗುವ ಊಟದ ಹೋಟೆಲುಗಳೂ ಇವೆ. ಆಸ್ಪತ್ರೆ ಒಂದು ದಿಕ್ಕಿಗೆ ಎರಡು ಮೂರು ನಿಲ್ದಾಣ, ವಸ್ತುಸಂಗ್ರಹಾಲಯದ ಕಡೆ ಇನ್ನೊಂದು ದಿಕ್ಕಿಗೆ ಐದು ನಿಲ್ದಾಣ. ಕಡಿಮೆ ಬಾಡಿಗೆಯೆಂದು ದೂರದ ಬಡಾವಣೆಯಲ್ಲಿ ಕೋಣೆ ಹಿಡಿದವರು ಉಳಿಸಿದ ಹಣವನ್ನೆಲ್ಲ ಓಡಾಟದಲ್ಲಿ ಕಳೆದುಕೊಂಡು, ಮೇಲೆ ಆಯಾಸವನ್ನೂ ತಂದುಕೊಂಡದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಅಷ್ಟು ದೊಡ್ಡ ಊರನ್ನು ಹೊಸಬರು ಪೂರ್ತಿಯಾಗಿ ಅರಿಯಬೇಕಾದ ಅಗತ್ಯವಿಲ್ಲ. ನಾಲ್ಕು ದಿನದ ಮಟ್ಟಿಗೆ ನಿಮ್ಮ ಹೈದರಾಬಾದು ಎಂಜಿಬಿಎಸ್‌ನಿಂದ ಪಂಜಗುಟ್ಟದವರೆಗೆ ಇರುವ ಆ ಒಂದೇ ಗೆರೆಯಾಗಿರಲಿ.

ಮೆಟ್ರೊ ನಿಲ್ದಾಣಗಳೆಲ್ಲ ರಸ್ತೆಯ ಮೇಲೆ ಎತ್ತರದಲ್ಲಿರುವುದರಿಂದ ತಾಯಿಯವರು ಗಾಬರಿಯಾಗಬಹುದು, ಆದರೆ ಲಿಫ್ಟುಗಳಿವೆ. ರಸ್ತೆಯಿಂದ ಟಿಕೆಟಿನ ಅಂತಸ್ತಿಗೆ ಒಂದು ಲಿಫ್ಟು, ಅಲ್ಲಿಂದ ಗಾಡಿ ಬರುವ ಅಂತಸ್ತಿಗೆ ಇನ್ನೊಂದು. ಅವಸರದಲ್ಲಿ ಜನ ಎಸ್ಕಲೇಟರಿನ ಕಡೆಗೆ ನುಗ್ಗುತ್ತಾರೆ, ನೀವು ಅವರ ಹಿಂದೆ ಹೋಗದೆ ಕಾವಲಿನವರನ್ನು ಕೇಳಿ ಲಿಫ್ಟಿನ ಬಳಿಗೇ ಹೋಗಿರಿ. ಇಳಿದ ಮೇಲೂ ಆಸ್ಪತ್ರೆ ರಸ್ತೆಯ ಯಾವ ಬದಿಗೆ ಬರುತ್ತದೆ ಎಂದು ಮೇಲೆಯೇ ವಿಚಾರಿಸಿಕೊಂಡು ಆ ಬದಿಯ ದ್ವಾರದಿಂದ ಹೊರಬನ್ನಿ. ತಪ್ಪು ಬದಿಗೆ ಇಳಿದರೆ ಅಗಲವಾದ ರಸ್ತೆಯನ್ನು ದಾಟಬೇಕಾಗುತ್ತದೆ, ಅದು ಕಾಲುನೋವಿನವರಿಗೆ ಮೆಟ್ಟಿಲಿಗಿಂತಲೂ ಕಷ್ಟದ ಕೆಲಸ.

ಪ್ರಶ್ನೆ ಕೇಳಿದವರಿಂದ

ಗುರುಗಳೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ನಾನು ಋಣಿಯಾಗಿದ್ದೇನೆ. ಲಕಡಿಕಾಪುಲ್‌ನಲ್ಲಿಯೇ ಕೋಣೆ ಗೊತ್ತುಮಾಡುತ್ತೇನೆ. ಆದರೆ ಲಕಡಿಕಾಪುಲ್‌ನಿಂದ ಪಂಜಗುಟ್ಟಕ್ಕೆ ಹೋಗುವ ಸಿಟಿ ಬಸ್ಸು ಆಸ್ಪತ್ರೆಯ ಮುಂದೆಯೇ ನಿಲ್ಲುತ್ತದೆ ಎಂದು ನಮ್ಮ ಓಣಿಯವರೊಬ್ಬರು ಹೇಳಿದರು. ಹಾಗಿದ್ದರೆ ಅಷ್ಟು ಹತ್ತಿರಕ್ಕೆ ಮೆಟ್ರೊ ಏಕೆ ಎಂಬ ಗೊಂದಲ ಹುಟ್ಟಿದೆ. ಅಲ್ಲಿಯ ಬಸ್ಸಿನ ಫಲಕಗಳನ್ನು ಓದುವುದು ಹೇಗೆ ಎಂಬ ಅಳುಕೂ ಇದೆ. ತೆಲುಗು ಕಿವಿಗೆ ಅರ್ಥವಾಗುತ್ತದೆ, ಕಣ್ಣಿಗೆ ಓದಲು ಬರುವುದಿಲ್ಲ.

ಉತ್ತರ: ಬಳ್ಳಾರಿಯಿಂದ

ನಾನು ಬಳ್ಳಾರಿಯವಳು. ಮಗಳು ಅಲ್ಲಿ ಓದುತ್ತಿರುವುದರಿಂದ ಮೂರು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಬರುತ್ತೇನೆ. ನಿಮ್ಮ ಓಣಿಯವರು ಹೇಳಿದ್ದು ನಿಜ. ಪಟಾನ್‌ಚೆರು ಮತ್ತು ಕೋಠಿಯ ನಡುವೆ ಓಡಾಡುವ 218ನೇ ನಂಬರಿನ ಬಸ್ಸು ನಾಂಪಲ್ಲಿ, ಲಕಡಿಕಾಪುಲ್, ಖೈರತಾಬಾದ್, ಪಂಜಗುಟ್ಟ, ಅಮೀರ್‌ಪೇಟದ ಮೂಲಕವೇ ಹೋಗುತ್ತದೆ. ಆ ದಾರಿಯಲ್ಲಿ ಬಸ್ಸಿಗಾಗಿ ಹೆಚ್ಚು ಹೊತ್ತು ಕಾಯಬೇಕಾಗುವುದಿಲ್ಲ. ಆದರೆ ಅಮ್ಮನವರ ಕಾಲು ನೋಡಿ ನಿರ್ಧರಿಸಿರಿ. ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾಗಿರುತ್ತದೆ, ಜೊತೆಗೆ ಬಸ್ಸು ನಿಲ್ದಾಣದ ಅಂಚಿಗೆ ಬಂದು ನಿಲ್ಲುವುದೆಂಬ ಭರವಸೆಯಿಲ್ಲ. ನಾಲ್ಕು ಹೆಜ್ಜೆ ಆಚೆಗೆ ನಿಂತರೆ ರಸ್ತೆಗೆ ಇಳಿದು ಓಡಬೇಕು. ಬೆಳಿಗ್ಗೆ ಕಚೇರಿಯ ಹೊತ್ತಿನಲ್ಲಿ ಮೆಟ್ರೊದಲ್ಲಿ ಹೋಗಿ, ಇಳಿದ ನಿಲ್ದಾಣದಿಂದ ಆಸ್ಪತ್ರೆಯ ಬಾಗಿಲಿಗೆ ಮಾತ್ರ ಆಟೊ ಮಾಡಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಬಸ್ಸುಗಳು ಅಷ್ಟಾಗಿ ತುಂಬಿರುವುದಿಲ್ಲ, ಆಗ 218ರಲ್ಲಿ ಕುಳಿತು ವಾಪಸು ಬರಬಹುದು. ಬಸ್ಸಿನ ಮುಂಭಾಗದ ಆಸನಗಳು ಮಹಿಳೆಯರಿಗೆ ಇರುತ್ತವೆ.

ಶಕ್ತಿ ಯೋಜನೆಯ ವಿಷಯ ಸ್ಪಷ್ಟವಾಗಿ ತಿಳಿದುಕೊಂಡು ಹೊರಡಿರಿ. 2023ರ ಜೂನ್ 11ರಂದು ಆರಂಭವಾದ ನಮ್ಮ ಉಚಿತ ಪ್ರಯಾಣ ಕರ್ನಾಟಕದೊಳಗಿನ ಓಡಾಟಕ್ಕೆ ಸಂಬಂಧಿಸಿದ್ದು, ಅಂತರರಾಜ್ಯ ಪ್ರಯಾಣಕ್ಕೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ರಾಯಚೂರಿನಿಂದ ಹೈದರಾಬಾದಿಗೆ ಟಿಕೆಟ್ ತೆಗೆಯಲೇಬೇಕು. ತೆಲಂಗಾಣದಲ್ಲಿಯೂ 2023ರ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆಯಡಿ ಸಿಟಿ ಆರ್ಡಿನರಿ, ಮೆಟ್ರೊ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತವಿದೆ, ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಅಲ್ಲಿ ಬಸ್ಸಿನ ತುಂಬ ಹೆಣ್ಣುಮಕ್ಕಳು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆಯುತ್ತಿರುವಾಗ ನಾವು ಮಾತ್ರ ಹಣ ಕೊಡುವುದು ಮೊದಲ ಸಲ ವಿಚಿತ್ರವೆನಿಸುತ್ತದೆ. ಕಂಡಕ್ಟರ್ ಬಂದ ಕೂಡಲೇ ನಾವಾಗಿಯೇ "ಕರ್ನಾಟಕದವರು, ಎರಡು ಟಿಕೆಟ್" ಎಂದು ಹೇಳಿ ಚಿಲ್ಲರೆ ಕೊಟ್ಟುಬಿಟ್ಟರೆ ಆಯಿತು. ಮೆಟ್ರೊ ಎಕ್ಸ್‌ಪ್ರೆಸ್ ಎಂಬುದು ಬಸ್ಸಿನ ಹೆಸರೇ ಹೊರತು ಮೆಟ್ರೊ ರೈಲಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಆ ಹೆಸರು ಕೇಳಿ ನಾನೇ ಒಮ್ಮೆ ಬಸ್ ನಿಲ್ದಾಣ ಬಿಟ್ಟು ಮೆಟ್ರೊ ನಿಲ್ದಾಣದ ಕಡೆಗೆ ಹೊರಟಿದ್ದೆ. ದಿನವಿಡೀ ಬಸ್ಸುಗಳಲ್ಲಿಯೇ ಸುತ್ತುವುದಿದ್ದರೆ ಕಂಡಕ್ಟರ್ ಬಳಿ ಟಿ-24 ಎಂಬ 24 ಗಂಟೆಗಳ ಟಿಕೆಟ್ ಸಿಗುತ್ತದೆ. ನಿಮ್ಮ ಎರಡು ಪ್ರಯಾಣಗಳಿಗೆ ಅದರ ಅಗತ್ಯ ಕಾಣುವುದಿಲ್ಲ.

ಇನ್ನು ಓದುವ ವಿಷಯ. ಬಸ್ಸಿನ ನಂಬರುಗಳು ನಾವು ಬಳಸುವ ಅಂಕಿಗಳಲ್ಲಿಯೇ ಇರುತ್ತವೆ, ಮೆಟ್ರೊ ನಿಲ್ದಾಣಗಳಲ್ಲಿ ತೆಲುಗಿನ ಜೊತೆಗೆ ಇಂಗ್ಲಿಷ್ ಫಲಕಗಳೂ ಇರುತ್ತವೆ, ಗಾಡಿಯೊಳಗೆ ಪ್ರತಿ ನಿಲ್ದಾಣದ ಹೆಸರನ್ನು ಮುಂಚಿತವಾಗಿ ಕೂಗಿ ಹೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಪರಕೀಯವಲ್ಲ. ನಮ್ಮ ಅಕ್ಷರದ ತಲೆಕಟ್ಟು ಅಡ್ಡಗೆರೆಯಂತೆ ಇದ್ದರೆ ಅವರದು ಮೇಷ್ಟರು ಲೆಕ್ಕ ಸರಿಯಾಗಿದೆಯೆಂದು ಹಾಕುವ ಗುರುತಿನಂತೆ ಓರೆಯಾಗಿರುತ್ತದೆ. ಕ, ತ, ಶ ಎಂಬ ಕೆಲವು ಅಕ್ಷರಗಳಲ್ಲಿ ಮಾತ್ರ ಸ್ವಲ್ಪ ತಡವರಿಸಬೇಕಾಗುತ್ತದೆ. ಗ, ನ, ಪ, ಬ, ರ, ಲ ಮುಂತಾದವು ಕಣ್ಣಿಗೆ ತಾವಾಗಿಯೇ ಗುರುತು ಹತ್ತುತ್ತವೆ. ಒಂದು ದಿನ ಅಂಗಡಿಗಳ ಫಲಕಗಳನ್ನು ಓದುತ್ತಾ ಹೋದರೆ ಎರಡನೆಯ ದಿನ ಅಳುಕು ತಾನೇ ಹೋಗುತ್ತದೆ.

ಉತ್ತರ: ಗಂಗಾವತಿಯಿಂದ

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ. ಅಮ್ಮನವರ ಕಾಲುನೋವನ್ನು ನಾನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದೆ. ಮೆಟ್ರೊ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಗಾಡಿಗಳು ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಇರುತ್ತವೆ. 2025ರ ಮೇ ತಿಂಗಳಲ್ಲಿ ದರ ಏರಿಸಿದಾಗ ಕನಿಷ್ಠ 12, ಗರಿಷ್ಠ 75 ರೂಪಾಯಿ ಎಂದು ಮಾಡಿ, ಜನರ ಅಸಮಾಧಾನ ಕಂಡು ಅದೇ ತಿಂಗಳು ಶೇಕಡಾ 10ರಷ್ಟು ಇಳಿಸಿ 11ರಿಂದ 69 ರೂಪಾಯಿಗೆ ತಂದರು. ದೂರಕ್ಕೆ ತಕ್ಕ ದರವಾದ್ದರಿಂದ ನಿಮ್ಮಂಥ ಎರಡು ಮೂರು ನಿಲ್ದಾಣಗಳ ಪ್ರಯಾಣಕ್ಕೆ ಆಟೊದ ಬಾಡಿಗೆಯೊಡನೆ ಹೋಲಿಸಿದರೆ ಅದು ಏನೂ ಅಲ್ಲ. ಟಿಕೆಟನ್ನು ವಾಟ್ಸ್ಆ್ಯಪ್ ಮೂಲಕ ಮೊಬೈಲಿನಲ್ಲಿಯೇ ಪಡೆಯಬಹುದು, ಅದರಿಂದ ಕೌಂಟರಿನ ಸಾಲಿನಲ್ಲಿ ಅಮ್ಮನವರನ್ನು ನಿಲ್ಲಿಸುವುದು ತಪ್ಪುತ್ತದೆ.

ಪಂಜಗುಟ್ಟದ ಮುಂದಿನ ನಿಲ್ದಾಣ ಅಮೀರ್‌ಪೇಟ. ಕೆಂಪು ಮತ್ತು ನೀಲಿ ಮಾರ್ಗಗಳು ಕೂಡುವುದು ಅಲ್ಲಿಯೇ ಆದ್ದರಿಂದ, ಹೈಟೆಕ್ ಸಿಟಿಯ ಕಡೆಗೆ ಕೆಲಸಕ್ಕೆ ಹೋಗುವವರೆಲ್ಲ ಅಲ್ಲಿ ಇಳಿಯುವ ತವಕದಿಂದ ಬಾಗಿಲ ಬಳಿ ಒತ್ತಾಗಿ ನಿಂತಿರುತ್ತಾರೆ. ಬೆಳಿಗ್ಗೆ ಒಂಬತ್ತರ ಹೊತ್ತಿನಲ್ಲಿ ಅವರನ್ನು ದಾಟಿ ಪಂಜಗುಟ್ಟದಲ್ಲಿ ಇಳಿಯುವುದು ಸುಲಭವಲ್ಲ. ಮಹಿಳೆಯರಿಗೆ ಮೀಸಲಾದ ಭಾಗದಲ್ಲಿ ಹತ್ತಿರಿ ಮತ್ತು ಖೈರತಾಬಾದ್ ದಾಟಿದ ಕೂಡಲೇ ಎದ್ದು ಬಾಗಿಲ ಕಡೆಗೆ ಸರಿಯಿರಿ. ಏಳೂವರೆಗೆಲ್ಲ ಹೊರಟುಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ.

ಉತ್ತರ: ರಾಯಚೂರಿನ ನಿವೃತ್ತ ಶಿಕ್ಷಕರಿಂದ

ವಸ್ತುಸಂಗ್ರಹಾಲಯದ ಬಗ್ಗೆ ಕೇಳಿದ್ದಿರಿ, ಬರೆಯಲು ಮರೆತಿದ್ದೆ. ಸಾಲಾರ್ ಜಂಗ್ ಶುಕ್ರವಾರ ಮುಚ್ಚಿರುತ್ತದೆ, ಆ ದಿನವನ್ನು ಬಿಟ್ಟು ಹೋಗಿರಿ. ಲಕಡಿಕಾಪುಲ್‌ನಿಂದ ಮತ್ತೆ ಅದೇ ಕೆಂಪು ಮಾರ್ಗದಲ್ಲಿ ಎಂಜಿಬಿಎಸ್‌ಗೆ ಬಂದರೆ ಅಲ್ಲಿಂದ ಸುಮಾರು ಒಂದು ಕಿಲೋಮೀಟರು. ತಾಯಿಯವರಿಗಾಗಿ ಆಟೊ ಮಾಡಿಕೊಳ್ಳಿ. ಒಳಗೆ ಎಲ್ಲ ಕೋಣೆಗಳನ್ನೂ ಸುತ್ತುವ ಹಟ ಬೇಡ. ಅಲ್ಲಿಯ ಹಳೆಯ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಮನುಷ್ಯನ ಬೊಂಬೆ ಹೊರಬಂದು ಗಂಟೆ ಬಾರಿಸುತ್ತದೆ. ಗಂಟೆಯಾಗಲು ಹತ್ತು ನಿಮಿಷವಿರುವಾಗಲೇ ಹೋಗಿ ತಾಯಿಯವರಿಗೆ ಕೂರಲು ಜಾಗ ನೋಡಿಕೊಳ್ಳಿ. 1591ರ ಚಾರ್‌ಮಿನಾರ್ ಅಲ್ಲಿಂದ ಸಮೀಪದಲ್ಲಿಯೇ ಇದ್ದರೂ ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ, ಸಂಜೆಯ ಜನಜಂಗುಳಿಯಲ್ಲಿ ಕೋಲಿನವರಿಗೆ ನಡೆಯುವುದು ಕಷ್ಟ. ಆಟೊದಲ್ಲಿ ಕುಳಿತೇ ದೂರದಿಂದ ನೋಡಿ ಬಂದರೆ ಸಾಕು.

ರೈಲಿನ ದಾರಿಯೂ ಒಂದಿದೆ. 2023ರ ಅಕ್ಟೋಬರ್ 1ರಂದು ಕೃಷ್ಣಾ ನಿಲ್ದಾಣದ ಕಡೆಯ ಹೊಸ ಮಾರ್ಗ ತೆರೆದು ರಾಯಚೂರು ಮತ್ತು ಹೈದರಾಬಾದಿನ ಕಾಚಿಗುಡ ನಿಲ್ದಾಣದ ನಡುವೆ ಗಾಡಿ ಬಿಟ್ಟರು. ಕಾಚಿಗುಡದಲ್ಲಿ ಎಂಎಂಟಿಎಸ್ ಎಂಬ ಉಪನಗರ ರೈಲು ಸಿಗುತ್ತದೆ. ಆದರೆ ಅದು ಮೆಟ್ರೊದಂತೆ ಕೆಲವೇ ನಿಮಿಷಕ್ಕೊಂದು ಬರುವಂಥದ್ದಲ್ಲ, ವೇಳಾಪಟ್ಟಿ ನೋಡಿಕೊಂಡು ಹೋಗಬೇಕು. ಆಸ್ಪತ್ರೆಯ ಬೆಳಗಿನ ಗಡಿಬಿಡಿಗೆ ಅದನ್ನು ನೆಚ್ಚಬೇಡಿ.

ಪ್ರಶ್ನೆ ಕೇಳಿದವರಿಂದ, ಹೋಗಿ ಬಂದ ಮೇಲೆ

ನಿನ್ನೆ ರಾತ್ರಿ ಊರಿಗೆ ಬಂದೆವು. ಉತ್ತರಿಸಿದ ಮೂವರಿಗೂ ವಿಷಯ ತಿಳಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ಎಂಜಿಬಿಎಸ್‌ನಲ್ಲಿ ಇಳಿದು ನೇರವಾಗಿ ಮೆಟ್ರೊಗೆ ಹೋದೆವು. ಬಸ್ಸಿನಿಂದ ಮೆಟ್ರೊ ಲಿಫ್ಟಿನವರೆಗೆ ನಡೆಯುವ ದೂರ ಅವ್ವನಿಗೆ ಹೆಚ್ಚೆನಿಸಿ ಎರಡು ಕಡೆ ಕುಳಿತು ಸುಧಾರಿಸಿಕೊಂಡಳು. ಕಾಲುನೋವಿನವರನ್ನು ಕರೆದೊಯ್ಯುವವರು ಇದಕ್ಕೆ ಕಾಲು ಗಂಟೆಯನ್ನು ಎತ್ತಿಟ್ಟುಕೊಳ್ಳಬೇಕು. ಟಿಕೆಟ್ ತಗುಲಿಸಿ ಒಳಗೆ ಬಿಡುವ ಬಾಗಿಲಿನ ಮುಂದೆ ಅವ್ವ ಹೆದರಿ ನಿಂತುಬಿಟ್ಟಳು. ಎರಡು ರೆಕ್ಕೆಗಳು ತೆರೆದು ಮುಚ್ಚುವುದನ್ನು ನೋಡಿ, ಕೋಲು ಸಿಕ್ಕಿಕೊಂಡರೆ ಏನು ಗತಿ ಎಂದು ಅವಳಿಗೆ ಚಿಂತೆ. ಅಲ್ಲಿದ್ದ ಸಿಬ್ಬಂದಿ ಪಕ್ಕದ ಅಗಲವಾದ ಬಾಗಿಲಿನಿಂದ ಕರೆದುಕೊಂಡರು. ಎರಡನೆಯ ದಿನದಿಂದ ನಾವಾಗಿಯೇ ಆ ಬಾಗಿಲನ್ನು ಕೇಳಿ ಹೋದೆವು.

ಸೋಮವಾರ ಏಳೂವರೆಗೆ ಲಕಡಿಕಾಪುಲ್ ಬಿಟ್ಟೆವು, ಕುಳಿತುಕೊಳ್ಳಲು ಜಾಗ ಸಿಕ್ಕಿತು. ಮಂಗಳವಾರ ನನ್ನ ತಪ್ಪಿನಿಂದ ತಡವಾಗಿ ಒಂಬತ್ತಾಯಿತು, ಆಗ ಗಂಗಾವತಿಯ ತಮ್ಮ ಹೇಳಿದ ಒತ್ತಡ ಎಂಥದ್ದೆಂದು ತಿಳಿಯಿತು. ಪಂಜಗುಟ್ಟದಲ್ಲಿ ಇಳಿಯಲಾಗದೆ ಅಮೀರ್‌ಪೇಟದವರೆಗೆ ಹೋಗಿ ತಿರುಗಿ ಬಂದೆವು. ಅಂದಿನಿಂದ ಇರ್ರಮ್ ಮಂಜಿಲ್‌ನಲ್ಲಿ ಇಳಿಯುವ ಕ್ರಮ ಇಟ್ಟುಕೊಂಡೆವು. ಮಧ್ಯಾಹ್ನ ಮರಳುವಾಗ ಎರಡು ದಿನ 218 ಹತ್ತಿದೆವು. ಬಸ್ಸಿನ ಮೆಟ್ಟಿಲು ನಿಜಕ್ಕೂ ಎತ್ತರ. ಮೊದಲು ನೋವಿಲ್ಲದ ಕಾಲನ್ನು ಮೇಲಿಟ್ಟು, ಕಂಬಿ ಹಿಡಿದು, ಆಮೇಲೆ ನೋವಿನ ಕಾಲನ್ನು ಎಳೆದುಕೊಳ್ಳಬೇಕೆಂದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವರು ಹೇಳಿಕೊಟ್ಟಿದ್ದರು. ಅವ್ವ ಹಾಗೆಯೇ ಹತ್ತುವವರೆಗೂ ಕಂಡಕ್ಟರ್ ಸೀಟಿ ಊದದೆ ಕಾದರು, ಇಳಿಯುವಾಗಲೂ "ಮೆಲ್ಲಗಾ ದಿಗಂಡಿ ಅಮ್ಮಾ" ಎಂದರು.

ಬಳ್ಳಾರಿಯ ಅಕ್ಕನವರಿಗೆ ಒಂದು ವಿಷಯ ವಿಶೇಷವಾಗಿ ಹೇಳಬೇಕು. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಕಿಟಕಿಯ ಪಕ್ಕ ಕುಳಿತು ಅಂಗಡಿಗಳ ಫಲಕಗಳನ್ನು ನೋಡುತ್ತಿದ್ದವಳು ಬುಧವಾರ ಇದ್ದಕ್ಕಿದ್ದಂತೆ ಬೆರಳು ತೋರಿಸಿ, ಒಂದೊಂದೇ ಅಕ್ಷರ ಕೂಡಿಸಿ "ನಾಂ… ಪ… ಲ್ಲಿ" ಎಂದು ಓದಿದಳು. ನಾವು ಇಳಿಯಬೇಕಾದದ್ದು ಲಕಡಿಕಾಪುಲ್‌ನಲ್ಲಿ. ಮಾತಿನಲ್ಲಿ ಮೈಮರೆತು ಎರಡು ನಿಲ್ದಾಣ ಮುಂದಕ್ಕೆ ಬಂದಿದ್ದೇವೆಂಬುದು ನನಗೆ ಗೊತ್ತಾದದ್ದು ಅವಳು ಓದಿದ ಮೇಲೆಯೇ.

ಗಡಿಯಾರದ ಬೊಂಬೆಯನ್ನು ಗುರುವಾರ ಹನ್ನೆರಡು ಗಂಟೆಗೆ ನೋಡಿದೆವು. ಹನ್ನೆರಡು ಸಲವೂ ಅವ್ವ ಎಣಿಸಿದಳು. ಚಾರ್‌ಮಿನಾರಿಗೆ ಹೋಗಲಿಲ್ಲ. ಎಂಜಿಬಿಎಸ್ ಹತ್ತಿರದಲ್ಲಿಯೇ ಇದ್ದುದರಿಂದ ಚೀಲಗಳನ್ನು ಬೆಳಿಗ್ಗೆಯೇ ಜೊತೆಗೆ ತಂದಿದ್ದರೆ ಅಲ್ಲಿಂದಲೇ ರಾಯಚೂರಿನ ಬಸ್ಸು ಹತ್ತಬಹುದಿತ್ತು. ಅದು ಹೊಳೆಯದೆ ಕೋಣೆಗೆ ಮತ್ತೆ ಹೋಗಿ ಬಂದೆವು, ಇದನ್ನು ಓದುವವರು ಆ ತಪ್ಪು ಮಾಡಬೇಡಿ. ಆರು ವಾರ ಬಿಟ್ಟು ವೈದ್ಯರು ಮತ್ತೆ ಬರಲು ಹೇಳಿದ್ದಾರೆ. ಗುರುಗಳು ಹೇಳಿದ ಕಾಚಿಗುಡದ ರೈಲಿನಲ್ಲಿ ಆಗ ಹೋಗೋಣವೆಂದು ಅವ್ವ ಈಗಲೇ ಹೇಳುತ್ತಿದ್ದಾಳೆ. ರೈಲಿನಲ್ಲಿ ಕಾಲು ಚಾಚಿಕೊಳ್ಳಲು ಸಿಗುತ್ತದೆಯಲ್ಲ ಎಂಬುದು ಅವಳ ಲೆಕ್ಕ. ಕಾಚಿಗುಡದಲ್ಲಿ ಇಳಿದ ಮೇಲೆ ಲಿಫ್ಟು, ಮೆಟ್ಟಿಲುಗಳ ಅನುಕೂಲ ಹೇಗಿದೆಯೆಂದು ತಿಳಿದವರು ಅಷ್ಟರೊಳಗೆ ಬರೆದರೆ ಉಪಕಾರವಾಗುತ್ತದೆ.